ಫೌಂಟನ್ಸ್ ಆ್ಯಬಿಗೆ ಹೋಗುವವರು ಮುಂಬಾಗಿಲಿಂದ ಹೋಗಬೇಡಿ

ಫೌಂಟನ್ಸ್ ಆ್ಯಬಿ ಅಂದರೆ ಇಂಗ್ಲೆಂಡಿನ ಒಂದು ಹಾಳು ಮಠ. ಮೊದಲ ಸಲ ನಾವು ಅಲ್ಲಿಗೆ ಹೋದದ್ದು ಒಂದೇ ದಿನದ ಟ್ರಿಪ್. ಲೀಡ್ಸ್‌ನಿಂದ ತಡವಾಗಿ ಹೊರಟು, ಮಧ್ಯಾಹ್ನ ತಲುಪಿ, ದೊಡ್ಡ ಪಾರ್ಕಿಂಗ್‌ನಲ್ಲಿ ಕಾರು ನಿಲ್ಲಿಸಿದೆವು. ಇಳಿಜಾರು ಇಳಿದು, ಗೋಡೆಗಳ ಮುಂದೆ ಫೋಟೋ ತೆಗೆಸಿಕೊಂಡು, ಡಬ್ಬಿಯ ಪುಳಿಯೋಗರೆ ತಿಂದು ವಾಪಸ್. ಎಲ್ಲರೂ ‘ಚೆನ್ನಾಗಿತ್ತು’ ಅಂದರು. ಹಂಪಿಗೆ ಹೋಗಿ ವಿರೂಪಾಕ್ಷನ ಗುಡಿಯೊಂದನ್ನೇ ನೋಡಿ ಬಸ್ ಹತ್ತಿದ ಹಾಗಿತ್ತು ಅಂತ ನನಗೆ ಗೊತ್ತಾದದ್ದು ಎರಡು ವರ್ಷ ಆದಮೇಲೆ. ಆಗ ಊರಿಂದ ಅಪ್ಪ ಅಮ್ಮ ಬಂದಿದ್ದರು. ಈ ಸಲ ಹತ್ತಿರದ ಹೋಟೆಲಲ್ಲಿ ಎರಡು ರಾತ್ರಿ ಉಳಿದು, ಇನ್ನೊಂದು ಬಾಗಿಲಿಂದ ಒಳಗೆ ಹೋದೆವು. ಜಾಗ ಅದೇ, ನೋಡಿದ್ದೇ ಬೇರೆ.

ಹಾಗಾಗಿ ಈ ಬರಹ. ಇಂಗ್ಲೆಂಡಲ್ಲಿ ಇರುವವರಿಗೆ, ಮಕ್ಕಳ ಮನೆಗೆ ಬರುವ ಅಪ್ಪ ಅಮ್ಮಂದಿರಿಗೆ, ಲಂಡನ್ ನೋಡಿ ಮುಗಿಸಿ ಇನ್ನೇನು ಅಂತ ಯೋಚಿಸುತ್ತಿರುವವರಿಗೆ.

ಮೊದಲು ಜಾಗದ ಪರಿಚಯ

ಆ್ಯಬಿ ಅಂದರೆ ಮಠ. ಕೊಡಗಿನವರಿಗೆ ಅಬ್ಬಿ ಅಂದರೆ ಜಲಪಾತ, ಹವ್ಯಕರಿಗೆ ಅಬ್ಬೆ ಅಂದರೆ ಅಮ್ಮ. ಇಲ್ಲಿನ ಆ್ಯಬಿಗೆ ಮೂಲ ‘ಅಬ್ಬ’, ಅಂದರೆ ಅಪ್ಪ ಅನ್ನುವ ಹಳೆಯ ಅರಾಮಿಕ್ ಮಾತು. ಮಠದ ಯಜಮಾನನಿಗೆ ಆ್ಯಬಟ್ ಅನ್ನುವುದೂ ಅದರಿಂದಲೇ. ಇನ್ನು ಫೌಂಟನ್ಸ್ ಅಂದರೆ ಇಲ್ಲಿ ಕಾರಂಜಿ ಅಲ್ಲ, ನೀರಿನ ಒರತೆಗಳು. ಉತ್ತರ ಯಾರ್ಕ್‌ಶೈರ್‌ನಲ್ಲಿ, ರಿಪ್ಪನ್ ಅನ್ನುವ ಪುಟ್ಟ ಊರಿನ ಹತ್ತಿರ, ಸ್ಕೆಲ್ ಅನ್ನುವ ಸಣ್ಣ ಹೊಳೆಯ ಕಣಿವೆಯಲ್ಲಿ ಇದೆ.

ಕಥೆ ಶುರುವಾಗುವುದು ಒಂದು ಮಠದ ಜಗಳದಿಂದ. ಯಾರ್ಕ್ ಊರಿನ ಸೇಂಟ್ ಮೇರೀಸ್ ಮಠದಲ್ಲಿ ನಿಯಮ ಸಡಿಲವಾಯಿತು, ಸುಖ ಜಾಸ್ತಿಯಾಯಿತು ಅಂತ 13 ಜನ ಸನ್ಯಾಸಿಗಳು ತಕರಾರು ತೆಗೆದರು. ಜಗಳ ಜೋರಾಗಿ ಅವರು ಹೊರಗೆ ಬರಬೇಕಾಯಿತು. ಆರ್ಚ್‌ಬಿಷಪ್ ಥರ್ಸ್ಟನ್ ಅವರಿಗೆ ಈ ಕಾಡು ಕಣಿವೆಯಲ್ಲಿ ಜಾಗ ಕೊಟ್ಟ. ಅದು 1132ರ ಡಿಸೆಂಬರ್ ಕೊನೆ. ಯಾರ್ಕ್‌ಶೈರ್ ಡಿಸೆಂಬರ್ ಹೇಗಿರುತ್ತದೆ ಅಂತ ಇಲ್ಲಿದ್ದವರಿಗೆ ಗೊತ್ತು. ಬಂಡೆಯ ಮರೆಯಲ್ಲಿ, ಮರದಡಿ ಚಳಿಗಾಲ ಕಳೆದರಂತೆ. ಮೂರು ವರ್ಷಕ್ಕೆ ಅವರು ಸಿಸ್ಟರ್ಶಿಯನ್ ಪಂಥಕ್ಕೆ ಸೇರಿದರು. ಬಣ್ಣ ಹಾಕದ ಉಣ್ಣೆಯ ಬಿಳಿ ಬಟ್ಟೆ, ಮಾಂಸ ಇಲ್ಲ, ಮಾತು ಕಡಿಮೆ, ಮೈಮುರಿದು ಕೆಲಸ.

ಆಮೇಲೆ ಆದದ್ದು ಎಲ್ಲ ಮಠಗಳಿಗೂ ಆಗುವುದೇ. ಭಕ್ತರು ಭೂಮಿ ಕೊಟ್ಟರು. ಭೂಮಿಯಲ್ಲಿ ಕುರಿ ಬಿಟ್ಟರು. ಆ ಉಣ್ಣೆಗೆ ಇಟಲಿಯ ವ್ಯಾಪಾರಿಗಳು ಬಂದರು. ಇನ್ನೂ ಕತ್ತರಿಸದ ಉಣ್ಣೆಗೂ ಮುಂಗಡ ತಗೊಂಡು, ಕುರಿಗೆ ರೋಗ ಬಂದಾಗ ಕೊಡಲಾಗದೆ ಸಾಲಕ್ಕೆ ಸಿಕ್ಕಿಕೊಂಡದ್ದೂ ಉಂಟು. ಆದರೂ ದೇಶದ ದೊಡ್ಡ ಶ್ರೀಮಂತ ಮಠಗಳ ಸಾಲಿಗೆ ಸೇರಿತು. 1539ರ ನವೆಂಬರ್‌ನಲ್ಲಿ ಎಂಟನೇ ಹೆನ್ರಿ ರಾಜ ಮಠವನ್ನು ಮುಚ್ಚಿಸಿದ. ರೋಮಿನ ಪೋಪ್ ಜೊತೆ ಜಗಳ ಒಂದು ಕಾರಣ, ಮಠಗಳ ಆಸ್ತಿ ಇನ್ನೊಂದು. ಚಾವಣಿಯ ಸೀಸ ಕಿತ್ತು ಕರಗಿಸಿದರು. ಚಾವಣಿ ಹೋದಮೇಲೆ ಮಳೆ ತನ್ನ ಕೆಲಸ ಮಾಡಿತು. ನೀವು ನೋಡುವುದು ಉಳಿದದ್ದನ್ನು.

ಹಂಪಿ ಮತ್ತು ಫೌಂಟನ್ಸ್ ಆ್ಯಬಿ ಎರಡೂ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ್ದು ಒಂದೇ ವರ್ಷ, 1986ರಲ್ಲಿ. ಇಲ್ಲಿ ಮಠ ಮುಚ್ಚಿ 26 ವರ್ಷಕ್ಕೆ ಅಲ್ಲಿ ಹಂಪಿ ಹಾಳಾಯಿತು. ಅಪ್ಪನಿಗೆ ಇದನ್ನು ಹೇಳಿದ್ದೇ ತಡ, ಅವರು ದಿನವಿಡೀ ಇಸವಿ ಲೆಕ್ಕ ಹಾಕುತ್ತಲೇ ಇದ್ದರು.

ಹೋಟೆಲ್: ಎಲ್ಲಿ, ಹೇಗೆ

ಇಲ್ಲಿ ‘ಕಂಟ್ರಿ ಹೋಟೆಲ್’ ಅಂದರೆ ಸಾಮಾನ್ಯವಾಗಿ ಯಾರೋ ಜಮೀನ್ದಾರರ ಹಳೆಯ ಬಂಗಲೆ. ಸುತ್ತ ಹುಲ್ಲುಹಾಸು, ಒಳಗೆ ಕಟ್ಟಿಗೆ ಒಲೆ, ಕಿರುಗುಟ್ಟುವ ಮರದ ಮೆಟ್ಟಿಲು. ರಿಪ್ಪನ್ ಸುತ್ತ ಇಂಥವು ಬೇಕಾದಷ್ಟಿವೆ. ಗ್ರಾಂಟ್ಲಿ ಹಾಲ್ ಆ್ಯಬಿಗೆ ತುಂಬಾ ಹತ್ತಿರ, ಬೆಲೆಯೂ ಹಾಗೇ ಇದೆ. ಮ್ಯಾಶಮ್ ಹತ್ತಿರದ ಸ್ವಿಂಟನ್ ಪಾರ್ಕ್ ಕೋಟೆಯ ಹಾಗಿದೆ. ಇವು ಬೇಡ ಅಂದರೆ ಹಳ್ಳಿಯ ಪಬ್‌ಗಳ ಮೇಲೆ ನಾಲ್ಕಾರು ರೂಮುಗಳಿರುತ್ತವೆ. ನಿಜ ಹೇಳಬೇಕೆಂದರೆ ನನಗೆ ಅವೇ ಇಷ್ಟ.

ಬುಕ್ ಮಾಡುವ ಮುಂಚೆ ಇಷ್ಟು ನೋಡಿಕೊಳ್ಳಿ.

ಕಾರು ಇಲ್ಲದಿದ್ದರೆ ರಿಪ್ಪನ್ ಊರೊಳಗೇ ಉಳಿಯಿರಿ. ರಿಪ್ಪನ್‌ಗೆ ರೈಲು ಇಲ್ಲ, 1967ರಲ್ಲೇ ಪ್ರಯಾಣಿಕರ ರೈಲು ನಿಂತುಹೋಯಿತು. ಹ್ಯಾರೋಗೇಟ್‌ವರೆಗೆ ರೈಲು, ಅಲ್ಲಿಂದ ಬಸ್ಸು. ಲೀಡ್ಸ್‌ನಿಂದ ಹ್ಯಾರೋಗೇಟ್ ಮೇಲೆ ರಿಪ್ಪನ್‌ಗೆ 36ನೇ ನಂಬರ್ ಬಸ್ ಬರುತ್ತದೆ. ಮೇಲಿನ ಡೆಕ್ಕಿನ ಮುಂದಿನ ಸೀಟು ಸಿಕ್ಕರೆ ಅದೇ ಒಂದು ಪ್ರವಾಸ. ರಿಪ್ಪನ್‌ನಿಂದ ಆ್ಯಬಿ ಸುಮಾರು 4 ಮೈಲಿ, ಟ್ಯಾಕ್ಸಿ ಸಾಕು. ಆದರೆ ವಾಪಸ್ ಬರುವ ಟ್ಯಾಕ್ಸಿಯನ್ನೂ ಆಗಲೇ ಹೇಳಿಡಿ. ಕಣಿವೆಯೊಳಗೆ ಫೋನ್ ಸಿಗ್ನಲ್ ನಂಬಬೇಡಿ.

ಎರಡನೆಯದು ಊಟದ ಹೊತ್ತು. ಇದರಲ್ಲಿ ನಾವು ಪೆಟ್ಟು ತಿಂದಿದ್ದೇವೆ. ಒಮ್ಮೆ ಹಳ್ಳಿಯ ಹೋಟೆಲೊಂದಕ್ಕೆ ರಾತ್ರಿ ಒಂಬತ್ತು ಕಾಲಿಗೆ ತಲುಪಿದೆವು. ನಮಗೆ ಅದು ಊಟದ ಹೊತ್ತು, ಅಲ್ವಾ. ಅಲ್ಲಿ ಅಡುಗೆಮನೆ ಮುಚ್ಚಿ ಪಾತ್ರೆ ತೊಳೆಯುತ್ತಿದ್ದರು. ಹತ್ತು ಮೈಲಿ ಸುತ್ತ ಒಂದು ಅಂಗಡಿ ಇಲ್ಲ. ರೂಮಿನ ಕೆಟಲ್‌ನಲ್ಲಿ ನೀರು ಕಾಯಿಸಿ, ಬ್ಯಾಗಲ್ಲಿದ್ದ ರೆಡಿ ಉಪ್ಪಿಟ್ಟಿನ ಕಪ್ಪಿಗೆ ಸುರಿದು, ಮೇಲೆ ತಟ್ಟೆ ಮುಚ್ಚಿ ಎಂಟು ನಿಮಿಷ ಕಾದೆವು. ಟೀ ಚಮಚದಲ್ಲಿ ತಿಂದೆವು. ಆವತ್ತಿನಿಂದ ನನ್ನ ಬ್ಯಾಗಲ್ಲಿ ನಾಲ್ಕು ಕಪ್ ಉಪ್ಪಿಟ್ಟು, ಒಂದು ಸಣ್ಣ ಡಬ್ಬಿ ಚಟ್ನಿಪುಡಿ ಖಾಯಂ. ‘ಕೊನೆಯ ಆರ್ಡರ್ ಎಷ್ಟು ಗಂಟೆಗೆ’ ಅಂತ ಫೋನ್ ಮಾಡಿ ಕೇಳಿ, ಟೇಬಲ್ ಹೇಳಿಡಿ.

ಮೂರನೆಯದು ಸಸ್ಯಾಹಾರ. ಈಗ ಎಲ್ಲ ಕಡೆ ಏನಾದರೂ ಸಿಗುತ್ತದೆ, ಹೆದರಬೇಡಿ. ಆದರೆ ಯಾರ್ಕ್‌ಶೈರ್‌ನಲ್ಲಿ ಎರಡು ಕಡೆ ಎಡವುವ ಸಾಧ್ಯತೆ ಇದೆ. ಒಂದು, ಯಾರ್ಕ್‌ಶೈರ್ ಪುಡಿಂಗ್. ಹೆಸರು ಕೇಳಿ ಸಿಹಿ ಅಂದುಕೊಳ್ಳಬೇಡಿ. ಮೊಟ್ಟೆ, ಹಾಲು, ಮೈದಾ ಕಲಸಿ ಕಾದ ಕೊಬ್ಬಿಗೆ ಹುಯ್ದು ಉಬ್ಬಿಸುವ ಬೋಗುಣಿ ಅದು, ಆ ಕೊಬ್ಬು ಹೆಚ್ಚಾಗಿ ದನದ್ದು. ಎರಡು, ಚಿಪ್ಸ್. ಈ ಕಡೆಯ ಎಷ್ಟೋ ಅಂಗಡಿಗಳಲ್ಲಿ ಆಲೂಗಡ್ಡೆ ಕರಿಯುವುದೂ ದನದ ಕೊಬ್ಬಿನಲ್ಲೇ. ‘ಬೀಫ್ ಡ್ರಿಪ್ಪಿಂಗ್ ಹಾಕುತ್ತೀರಾ’ ಅಂತ ನೇರವಾಗಿ ಕೇಳಿ, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಮೊಟ್ಟೆ ತಿನ್ನದವರು ಅದನ್ನು ಬೇರೆಯಾಗಿ ಹೇಳಿ. ಇಲ್ಲಿ ‘ವೆಜಿಟೇರಿಯನ್’ ಅಂದರೆ ಮೊಟ್ಟೆ ಒಳಗೇ ಬರುತ್ತದೆ. ಈರುಳ್ಳಿ ಬೆಳ್ಳುಳ್ಳಿ ಬೇಡ ಅನ್ನುವವರು ಬುಕ್ ಮಾಡುವಾಗಲೇ ಬರೆದು ತಿಳಿಸಿ. ಬೆಳಗ್ಗೆ ಪಾರಿಡ್ಜ್, ಅಂದರೆ ಓಟ್ಸ್ ಗಂಜಿ, ಕೇಳಿ ಪಡೆಯಿರಿ. ಬೆಣ್ಣೆ ಹಚ್ಚಿದ ಟೋಸ್ಟ್, ಕರಿದ ಅಣಬೆ, ಟೊಮೇಟೊ ಹೊಟ್ಟೆಗೆ ಸಾಕು. ಅಮ್ಮ ಪಾರಿಡ್ಜ್‌ಗೆ ಉಪ್ಪಿನಕಾಯಿ ನಂಚಿಕೊಂಡರು. ಪಕ್ಕದ ಟೇಬಲ್‌ನ ಅಜ್ಜ ಆ ಕೆಂಪು ರಸವನ್ನು ಜಾಮ್ ಅಂದುಕೊಂಡು ಕೇಳಿಯೇ ಬಿಟ್ಟರು.

ಇನ್ನೊಂದು ಮಾತು. ಹಳೆಯ ಬಂಗಲೆಗಳಲ್ಲಿ ಬೆಂಕಿಯ ಅಲಾರಂ ತುಂಬಾ ಚುರುಕು. ನಮ್ಮ ಪರಿಚಯದವರ ಮಾವನವರು ಬೆಳಗಿನ ಪೂಜೆಗೆ ರೂಮಲ್ಲೇ ಊದುಬತ್ತಿ ಹಚ್ಚಿ, ಇಡೀ ಹೋಟೆಲ್‌ನವರು ಡ್ರೆಸ್ಸಿಂಗ್ ಗೌನ್‌ನಲ್ಲಿ ಹುಲ್ಲಿನ ಮೇಲೆ ನಿಂತ ಕಥೆ ಇನ್ನೂ ನಮ್ಮ ಯುಗಾದಿ ಊಟದಲ್ಲಿ ಬರುತ್ತದೆ. ಊದುಬತ್ತಿ, ಒಗ್ಗರಣೆ ಎರಡೂ ಬೇಡ. ಅಡುಗೆ ಮಾಡಿಕೊಂಡೇ ತಿನ್ನಬೇಕು ಅನ್ನುವವರಿಗೆ ಆ್ಯಬಿಯ ಆವರಣದಲ್ಲೇ ಇಂಥ ಹಳೆಯ ಜಾಗಗಳನ್ನು ನೋಡಿಕೊಳ್ಳುವ ನ್ಯಾಷನಲ್ ಟ್ರಸ್ಟ್ ಸಂಸ್ಥೆ ಬಾಡಿಗೆಗೆ ಕೊಡುವ ಮನೆಗಳಿವೆ. ತುಂಬಾ ಮುಂಚೆ ಬುಕ್ ಮಾಡಬೇಕು.

ಹಿಂದಿನ ದಿನದ ಸಂಜೆ

ಮಧ್ಯಾಹ್ನ ಮೂರರ ಹೊತ್ತಿಗೆ ಹೋಟೆಲ್ ಸೇರಿ, ಸುಮ್ನೆ ಕೂತುಬಿಡಿ. ಅದಕ್ಕೇ ತಾನೇ ದುಡ್ಡು ಕೊಟ್ಟಿರುವುದು. ಟೀ, ಸ್ಕೋನ್, ಕಿಟಕಿ. ಊಟ ಬೇಗ ಮುಗಿಸಿ ರಾತ್ರಿ ಒಂಬತ್ತಕ್ಕೆ ಸರಿಯಾಗಿ ರಿಪ್ಪನ್ ಊರಿನ ಸಂತೆ ಚೌಕಕ್ಕೆ ಬನ್ನಿ. ದಿನಾ ಆ ಹೊತ್ತಿಗೆ ಒಬ್ಬರು ಮೂರು ಮೂಲೆ ಟೋಪಿ ಹಾಕಿಕೊಂಡು ಬಂದು, ಚೌಕದ ಕಲ್ಲುಕಂಬದ ನಾಲ್ಕೂ ಮೂಲೆಯಲ್ಲಿ ನಿಂತು ಕೊಂಬು ಊದುತ್ತಾರೆ. ಊರಿಗೆ ಕಾವಲು ಶುರುವಾಯಿತು ಅಂತ ಸಾರುವ ಪದ್ಧತಿ. 886ರಿಂದ ನಡೆದು ಬಂದಿದೆ ಅನ್ನುವುದು ಊರವರ ನಂಬಿಕೆ. ಮಳೆ ಬಂದರೂ ಊದುತ್ತಾರೆ. ನಾವು ಹೋದ ರಾತ್ರಿ ಮಳೆಯಲ್ಲಿ ಕೊಡೆ ಹಿಡಿದು ನಿಂತವರು ಹನ್ನೊಂದು ಜನ, ಅದರಲ್ಲಿ ಐವರು ನಾವೇ.

ಯಾವ ಬಾಗಿಲು

ಇದೇ ಮುಖ್ಯ ವಿಷಯ. ಒಳಗೆ ಹೋಗಲು ಮೂರು ಕಡೆ ಇದೆ. ವಿಸಿಟರ್ ಸೆಂಟರ್ ಬಾಗಿಲು ಗುಡ್ಡದ ಮೇಲೆ, ಅಲ್ಲಿ ದೊಡ್ಡ ಪಾರ್ಕಿಂಗ್, ಕೆಫೆ, ಅಂಗಡಿ. ವೆಸ್ಟ್ ಗೇಟ್ ಕೆಳಗೆ, ಆ್ಯಬಿಯ ಪಕ್ಕದಲ್ಲಿ. ಮೂರನೆಯದು ಸ್ಟಡ್ಲಿ ರಾಯಲ್ ಜಿಂಕೆ ಪಾರ್ಕ್ ಕಡೆಯಿಂದ, ಕೆರೆಯ ಪಕ್ಕ. ಕಾರಿನಲ್ಲಿ ದಾರಿ ತೋರಿಸುವ ಸ್ಯಾಟ್‌ನ್ಯಾವ್ ನಂಬಿದರೆ ಮೊದಲನೆಯದಕ್ಕೇ ಕರೆದುಕೊಂಡು ಹೋಗುತ್ತದೆ.

ಮಂಡಿ ಸರಿ ಇರುವವರೆಲ್ಲ ಮೂರನೆಯ ಕಡೆಯಿಂದಲೇ ಹೋಗಿ. ಕಾರಣ ಹೇಳುತ್ತೇನೆ.

ಜಾನ್ ಐಸ್ಲಬಿ ಅಂತ ಒಬ್ಬ ಮಂತ್ರಿ ಇದ್ದ. ಇಂಗ್ಲೆಂಡಿನ ಖಜಾನೆ ಅವನ ಕೈಯಲ್ಲಿತ್ತು. 1720ರಲ್ಲಿ ಸೌತ್ ಸೀ ಕಂಪನಿಯ ಷೇರು ಗುಳ್ಳೆ ಒಡೆದು ಸಾವಿರಾರು ಜನ ಮುಳುಗಿದರು. ಆ ಹಗರಣದಲ್ಲಿ ಇವನನ್ನು ಪಾರ್ಲಿಮೆಂಟಿನಿಂದ ಹೊರಗೆ ಹಾಕಿದರು. ಊರಿಗೆ ಬಂದ, ಉಳಿದ ಆಯುಷ್ಯವನ್ನೆಲ್ಲ ತೋಟಕ್ಕೆ ಸುರಿದ. ಹೊಳೆಯನ್ನು ಕಾಲುವೆ ಮಾಡಿ, ಚಂದ್ರನ ಆಕಾರದ ಕೊಳ ತೋಡಿಸಿ, ನೀರನ್ನು ಕನ್ನಡಿಯ ಹಾಗೆ ನಿಲ್ಲಿಸಿದ. ಆದರೆ ಕಣಿವೆಯ ಕೊನೆಯಲ್ಲಿದ್ದ ಹಾಳು ಆ್ಯಬಿ ಮಾತ್ರ ಅವನಿಗೆ ಸಿಗಲಿಲ್ಲ. ಅದನ್ನು 1767ರಲ್ಲಿ ಕೊಂಡದ್ದು ಮಗ ವಿಲಿಯಂ. ಹೀಗೆ ಇಡೀ ತೋಟ ಒಂದು ದಾರಿ, ಅದರ ಕೊನೆಯಲ್ಲಿ ಆ್ಯಬಿ. ವಿಸಿಟರ್ ಸೆಂಟರ್ ಕಡೆಯಿಂದ ಹೋದರೆ ಕೊನೆಯ ಪುಟ ಮೊದಲು ಓದಿದ ಹಾಗೆ. ಆ್ಯಬಿ ನೋಡಿ ಸುಸ್ತಾದವರು ತೋಟದ ಕಡೆ ತಿರುಗಿಯೂ ನೋಡುವುದಿಲ್ಲ. ನಾವೂ ಹಾಗೇ ಮಾಡಿದ್ದು.

ವಯಸ್ಸಾದವರು, ಮಂಡಿ ನೋವಿನವರು, ಗಾಲಿಕುರ್ಚಿಯವರು ವೆಸ್ಟ್ ಗೇಟ್ ಹಿಡಿಯಿರಿ. ವಿಸಿಟರ್ ಸೆಂಟರ್‌ನಿಂದ ಇಳಿಯುವುದು ಸುಲಭ, ಹತ್ತಿ ಬರುವಾಗ ಅಳು ಬರುತ್ತದೆ. ಗಾಲಿಕುರ್ಚಿ ಬೇಕಿದ್ದರೆ ಎರಡು ದಿನ ಮುಂಚೆ ಫೋನ್ ಮಾಡಿ ಹೇಳಿ. ನಾವು ಅಪ್ಪ ಅಮ್ಮನನ್ನು ನಿಧಾನಕ್ಕೆ ಕೆರೆಯ ಕಡೆಯಿಂದಲೇ ನಡೆಸಿದೆವು. ಕೆಳಗಿನ ದಾರಿ ಹೆಚ್ಚಾಗಿ ಸಮತಟ್ಟು, ಕೂರಲು ಬೆಂಚುಗಳಿವೆ.

ಟಿಕೆಟ್ ದರ, ಬಾಗಿಲು ತೆಗೆಯುವ ಹೊತ್ತು ಋತುವಿಗೆ ಬದಲಾಗುತ್ತದೆ, ಹೋಗುವ ವಾರವೇ ನ್ಯಾಷನಲ್ ಟ್ರಸ್ಟ್ ವೆಬ್‌ಸೈಟ್ ನೋಡಿಕೊಳ್ಳಿ. 1983ರಿಂದ ಈ ಜಾಗ ಅವರದ್ದೇ. ಸದಸ್ಯರಾಗಿದ್ದರೆ ಟಿಕೆಟ್ ಇಲ್ಲ. ವರ್ಷಕ್ಕೆ ಇಂಥ ಮೂರು ನಾಲ್ಕು ಜಾಗ ನೋಡುವ ಮನೆಯವರು ಸದಸ್ಯರಾಗುವುದೇ ಲಾಭ.

ನಡೆಯುವ ದಾರಿ

ಬಾಗಿಲು ತೆಗೆಯುವ ಹೊತ್ತಿಗೇ ಹೋಗಿ. ಹನ್ನೊಂದೂವರೆಯ ಮೇಲೆ ಮಕ್ಕಳ ಗಾಡಿಗಳು, ನಾಯಿಗಳು, ನಮ್ಮಂಥ ಗುಂಪುಗಳು ಶುರುವಾಗುತ್ತವೆ.

ಮೊದಲು ಕೆರೆ, ಆಮೇಲೆ ಕಾಲುವೆ, ಆಮೇಲೆ ಚಂದ್ರಕೊಳಗಳು. ಆಚೆ ದಡದಲ್ಲಿ ಬಿಳಿ ಕಂಬಗಳ ಒಂದು ಪುಟ್ಟ ಗುಡಿ, ಹೆಸರು ಟೆಂಪಲ್ ಆಫ್ ಪೈಯಟಿ. ದೇವರಿಲ್ಲ, ಪೂಜೆಯಿಲ್ಲ, ನೀರಲ್ಲಿ ನೆರಳು ಬೀಳಲಿ ಅಂತ ಕಟ್ಟಿದ್ದು. ಗಾಳಿ ಇಲ್ಲದ ಬೆಳಿಗ್ಗೆ ಆ ನೆರಳು ಗುಡಿಗಿಂತ ಚೆಂದ ಕಾಣುತ್ತದೆ. ಇಲ್ಲಿ ಹತ್ತು ನಿಮಿಷ ನಿಲ್ಲಿ, ಫೋನ್ ಒಳಗಿಟ್ಟು.

ಕಾಲು ಗಟ್ಟಿ ಇರುವವರು ಆ ದಡಕ್ಕೆ ದಾಟಿ ಸರ್ಪೆಂಟೈನ್ ಸುರಂಗ ಹೊಗಬೇಕು. ಹೆಸರಿಗೆ ತಕ್ಕ ಹಾಗೆ ಹಾವಿನಂತೆ ಸುತ್ತಿಕೊಂಡು ಮೇಲೆ ಹತ್ತುತ್ತದೆ. ಮಧ್ಯದಲ್ಲಿ ಒಂದೆರಡು ಹೆಜ್ಜೆ ಏನೂ ಕಾಣುವುದಿಲ್ಲ, ಮಕ್ಕಳು ಕಿರುಚಲು ಹೇಳಿ ಮಾಡಿಸಿದ ಜಾಗ. ಮೇಲೆ ಎಂಟು ಮೂಲೆಯ ಗೋಪುರ, ಅಲ್ಲಿಂದ ಕಾಡಿನ ಅಂಚಲ್ಲೇ ದಾರಿ. ಎಡಬಲ ಮರ, ಬೇರೇನೂ ಕಾಣದು. ಆಮೇಲೆ ಒಂದು ಮರದ ಗೂಡಿನಂಥ ಆಸನ ಸಿಗುತ್ತದೆ. ಅದಕ್ಕೆ ಆ್ಯನ್ ಬೊಲಿನ್ ಆಸನ ಅಂತ ಹೆಸರು. ತಲೆ ಕಡಿಸಿಕೊಂಡ ರಾಣಿ ಅವಳು, ಹೆನ್ರಿಯದೇ ಹೆಂಡತಿ. ಅಲ್ಲಿ ಮುಂಚೆ ತಲೆಯಿಲ್ಲದ ವಿಗ್ರಹವೊಂದು ಇತ್ತು, ಅದಕ್ಕೆ ಈ ಹೆಸರು. ಯಾರ್ಕ್‌ಶೈರ್‌ನವರ ತಮಾಷೆ ಸ್ವಲ್ಪ ಹೀಗೇ.

ಆ ಗೂಡಿನ ಮುಂದೆ ಬಂದು ನಿಂತರೆ ಕೆಳಗೆ ಕಣಿವೆ ಒಮ್ಮೆಗೇ ತೆರೆದುಕೊಳ್ಳುತ್ತದೆ. ಅರ್ಧಚಂದ್ರದ ಕೊಳ, ಉದ್ದಕ್ಕೆ ಹಸಿರು ಹುಲ್ಲು, ಆ ತುದಿಯಲ್ಲಿ ಆ್ಯಬಿ. ಇದಕ್ಕೆ ‘ಸರ್‌ಪ್ರೈಸ್ ವ್ಯೂ’ ಅನ್ನುತ್ತಾರೆ. ಹಿಂದೆ ಅತಿಥಿಗಳನ್ನು ಇಲ್ಲಿಯವರೆಗೆ ಕರೆತಂದು, ಬಾಗಿಲು ತೆಗೆದು ತೋರಿಸುತ್ತಿದ್ದರಂತೆ. ಹೆಂಡತಿ ನನ್ನ ಕಣ್ಣು ಮುಚ್ಚಿ ಕರೆದುಕೊಂಡು ಹೋಗುತ್ತೇನೆ ಅಂದಳು. ಕಾಲಡಿ ಕೆಸರು ನೋಡಿ ಬೇಡ ಅಂದೆ.

ಅಲ್ಲಿಂದ ಇಳಿದು ಹೊಳೆಯ ಪಕ್ಕ ಕಾಲು ಗಂಟೆ ನಡೆದರೆ ಆ್ಯಬಿ. ದಾರಿ ಒದ್ದೆ ಇರುತ್ತದೆ. ಚಪ್ಪಲಿ, ಹೊಸ ಬಿಳಿ ಶೂ, ರೇಷ್ಮೆ ಸೀರೆ ಯಾವುದಕ್ಕೂ ಇದು ಜಾಗವಲ್ಲ.

ಆ್ಯಬಿಯೊಳಗೆ ಏನನ್ನು ನಿಧಾನವಾಗಿ ನೋಡಬೇಕು

ಚರ್ಚಿನ ಒಳಗೆ ಕಾಲಿಡುತ್ತಿದ್ದ ಹಾಗೆ ಅಮ್ಮ ನಿಂತರು. “ಇಲ್ಲಿ ಚಪ್ಪಲಿ ಬಿಡಬೇಕೇನೋ?” ಅಂದರು. ಮೇಲೆ ಆಕಾಶ, ಕೆಳಗೆ ಹುಲ್ಲು, ಎರಡೂ ಕಡೆ ಕಲ್ಲಿನ ಕಂಬಗಳ ಸಾಲು. ದೇವರ ಜಾಗ ಅಂತ ಯಾರೂ ಹೇಳಬೇಕಾಗಿರಲಿಲ್ಲ. “ಬೇಡಮ್ಮ, ಹುಲ್ಲು ಒದ್ದೆ ಇದೆ” ಅಂದೆ. ಬಗ್ಗಿ ಒಂದು ಕಂಬ ಮುಟ್ಟಿ ಕಣ್ಣಿಗೆ ಒತ್ತಿಕೊಂಡು ಮುಂದೆ ಹೋದರು. ಹಾಸನದ ಶೆಟ್ಟಿಹಳ್ಳಿಯ ಚಾವಣಿ ಇಲ್ಲದ ಇಗರ್ಜಿ ನೋಡಿದವರಿಗೆ ಈ ಭಾವನೆ ಪರಿಚಯ ಇರುತ್ತದೆ. ಇದು ಅದಕ್ಕಿಂತ ಏಳು ನೂರು ವರ್ಷ ಹಳೆಯದು, ಎಷ್ಟೋ ಪಾಲು ದೊಡ್ಡದು.

ಪೂರ್ವದ ತುದಿಯಲ್ಲಿ ಒಂಬತ್ತು ಪೂಜಾಪೀಠಗಳ ಚಾಪೆಲ್. ಈ ಬಗೆಯದು ಇಂಗ್ಲೆಂಡಲ್ಲಿ ಇದು ಬಿಟ್ಟರೆ ಡರಮ್ ಕ್ಯಾಥೀಡ್ರಲ್‌ನಲ್ಲಿ ಮಾತ್ರ ಇದೆ. ಅಲ್ಲಿನ ಕಿಟಕಿಯ ಕಲ್ಲಲ್ಲಿ ಬಾಯಿಂದ ಬಳ್ಳಿ ಹೊರಡುವ ಒಂದು ಮುಖ ಕೆತ್ತಿದ್ದಾರೆ, ‘ಗ್ರೀನ್ ಮ್ಯಾನ್’ ಅಂತ. ನಮ್ಮ ಗುಡಿಗಳ ಕೀರ್ತಿಮುಖ ನೆನಪಾಗದಿದ್ದರೆ ಕೇಳಿ. ಮಕ್ಕಳಿಗೆ ಹುಡುಕಲು ಬಿಡಿ.

ಪಕ್ಕದ ದೊಡ್ಡ ಗೋಪುರ ಆ್ಯಬಟ್ ಮಾರ್ಮಡ್ಯೂಕ್ ಹ್ಯೂಬಿ ಕಟ್ಟಿಸಿದ್ದು. ಎತ್ತರ ಸುಮಾರು 50 ಮೀಟರ್. ಸರಳತೆ ಬೇಕು, ಎತ್ತರದ ಗೋಪುರ ಕೂಡದು ಅಂತ ಇದ್ದ ಪಂಥ ಇದು. ಸಡಿಲ ನಿಯಮ ಬೇಡ ಅಂತ ಜಗಳ ಆಡಿಕೊಂಡು ಬಂದು ಮರದಡಿ ಮಲಗಿದವರ ಮಠ. ಅವರ ಉತ್ತರಾಧಿಕಾರಿ ಇಂಥದ್ದನ್ನು ಎಬ್ಬಿಸಿ, ‘ಮಾನ ಕೀರ್ತಿ ದೇವರೊಬ್ಬನಿಗೇ’ ಅಂತ ಲ್ಯಾಟಿನ್‌ನಲ್ಲಿ ಗೋಪುರದ ಮೇಲೆ ಕೆತ್ತಿಸಿದ್ದಾರೆ. ಹ್ಯೂಬಿ ಆ್ಯಬಟ್ ಆಗಿದ್ದು 1495ರಿಂದ 1526ರವರೆಗೆ. ಹೆಚ್ಚುಕಡಿಮೆ ನಮ್ಮ ಕೃಷ್ಣದೇವರಾಯನ ಕಾಲ. ಅವರು ತೀರಿಕೊಂಡು 13 ವರ್ಷಕ್ಕೆ ಮಠವೇ ಇರಲಿಲ್ಲ.

ಮುಂದೆ ಕ್ಲಾಯ್ಸ್ಟರ್. ಗೈಡ್ ಪುಸ್ತಕದಲ್ಲಿ ಉದ್ದುದ್ದ ವಿವರಣೆ ಇರುತ್ತದೆ. ನಮಗೆ ಒಂದೇ ಮಾತು ಸಾಕು: ತೊಟ್ಟಿಮನೆ. ಮಧ್ಯೆ ಅಂಗಳ, ಸುತ್ತ ಜಗಲಿ, ಜಗಲಿಯಿಂದ ಒಂದೊಂದು ಕೋಣೆಗೆ ಬಾಗಿಲು. ಒಂದು ಕಡೆ ಸಭೆಯ ಮನೆ, ಅಲ್ಲಿ ನೆಲದಲ್ಲಿ ಹಳೆಯ ಆ್ಯಬಟ್‌ಗಳ ಸಮಾಧಿ ಕಲ್ಲುಗಳಿವೆ. ಇನ್ನೊಂದು ಕಡೆ ಊಟದ ಮನೆ. ಅದರ ಬಾಗಿಲ ಅಕ್ಕಪಕ್ಕ ಕೈ ತೊಳೆಯುವ ಕಲ್ಲಿನ ತೊಟ್ಟಿಗಳಿದ್ದ ಜಾಗ ಈಗಲೂ ಗುರುತು ಸಿಗುತ್ತದೆ. ಊಟ ಮಾಡುವಾಗ ಯಾರೂ ಮಾತಾಡುವ ಹಾಗಿಲ್ಲ. ಒಬ್ಬರು ಗೋಡೆಯ ಮೇಲಿನ ಪೀಠದಲ್ಲಿ ನಿಂತು ಗ್ರಂಥ ಓದುತ್ತಿದ್ದರು, ಉಳಿದವರು ಕೈಸನ್ನೆ ಮಾಡಿ ಬ್ರೆಡ್ಡು ಕೇಳುತ್ತಿದ್ದರು.

ಊಟದ ಮನೆಯ ಪಕ್ಕ ಚಳಿ ಕಾಯಿಸುವ ಕೋಣೆ. ಇದನ್ನು ಬಿಡಬೇಡಿ. ಮಠದಲ್ಲಿ ಅಡುಗೆಮನೆ, ರೋಗಿಗಳ ಮನೆ ಬಿಟ್ಟರೆ ಬೆಂಕಿ ಇದ್ದದ್ದು ಇಲ್ಲೊಂದೇ. ರಾತ್ರಿ ಎರಡರ ಸುಮಾರಿಗೆ ಎದ್ದು, ಮಲಗುವ ಮನೆಯಿಂದ ಮೆಟ್ಟಿಲಿಳಿದು, ಬೆಂಕಿಯಿಲ್ಲದ ಚರ್ಚಿನಲ್ಲಿ ಪ್ರಾರ್ಥನೆ ಮುಗಿಸಿದವರು ಬಂದು ಕೈ ಕಾಯಿಸಿಕೊಂಡ ಜಾಗ. ಒಲೆಯ ಬಾಯಿ ಎಷ್ಟು ದೊಡ್ಡದು ಅಂದರೆ ನಮ್ಮ ಸ್ನಾನದ ಹಂಡೆ ಒಲೆಯಂಥವು ಆರೇಳು ಒಳಗೆ ಹಿಡಿಸುತ್ತವೆ. ಅದರ ಮೇಲಿನ ಅಡ್ಡಗಲ್ಲು ನೋಡಿ. ಒಂದೇ ಕಲ್ಲಲ್ಲ, ಹಲ್ಲಿಗೆ ಹಲ್ಲು ಕಚ್ಚಿ ಜೋಡಿಸಿದ ತುಂಡುಗಳು. ಸರಿಯಾಗಿ ಇದರ ಮೇಲಿನ ಮಹಡಿಯಲ್ಲಿ ಮಠದ ಪತ್ರಗಳನ್ನು ಇಡುತ್ತಿದ್ದರು. ಕೆಳಗೆ ಬೆಂಕಿ, ಮೇಲೆ ಒಣ ಗಾಳಿ, ಜಮೀನಿನ ಕಾಗದಕ್ಕೆ ಬೂಷ್ಟು ಹಿಡಿಯದು. ಅಪ್ಪ ಕಂದಾಯ ಇಲಾಖೆಯಲ್ಲಿದ್ದವರು. ಚರ್ಚು, ಗೋಪುರ ಎಲ್ಲ ನೋಡಿ ‘ಹೂಂ’ ಅಂದವರು ಇಲ್ಲಿ ಮಾತ್ರ ತಲೆದೂಗಿದರು. “ನಮ್ಮ ರೆಕಾರ್ಡ್ ರೂಮಿಗೆ ಇಷ್ಟು ಬುದ್ಧಿ ಇದ್ದಿದ್ದರೆ!”

ಕೊನೆಗೆ ಉಗ್ರಾಣ. ಚಾವಣಿ ಉಳಿದುಕೊಂಡಿರುವ ಭಾಗ. ಉದ್ದ ಸುಮಾರು 90 ಮೀಟರ್. ನಡುವೆ ಒಂದೇ ಸಾಲು ಕಂಬ, ಕಂಬದಿಂದ ಕಲ್ಲಿನ ಕಮಾನುಗಳು ತೆಂಗಿನ ಗರಿಯ ಹಾಗೆ ಎರಡೂ ಕಡೆ ಬಾಗಿವೆ. ಒಂದು ತುದಿಯಲ್ಲಿ ನಿಂತು ಇನ್ನೊಂದು ತುದಿ ನೋಡಿ. ಧಾನ್ಯ, ಉಣ್ಣೆ ತುಂಬಿಡುತ್ತಿದ್ದದ್ದು ಇಲ್ಲಿ. ‘ಲೇ ಬ್ರದರ್ಸ್’ ಅಂತ ಕರೆಯುತ್ತಿದ್ದ, ಓದು ಬರಹ ಬಾರದ, ಹೊಲ ಕುರಿ ನೋಡಿಕೊಳ್ಳುತ್ತಿದ್ದ ಸನ್ಯಾಸಿಗಳು ಊಟ ಮಾಡುತ್ತಿದ್ದದ್ದೂ ಇಲ್ಲೇ. ಮೇಲೆ ಅವರ ಮಲಗುವ ಮನೆ. ಚರ್ಚಿನಲ್ಲೂ ಅವರಿಗೆ ಬೇರೆ ಜಾಗ. ಎರಡು ಪಂಕ್ತಿ ಅಂದರೆ ನಮಗೆ ಹೆಚ್ಚು ವಿವರಿಸಬೇಕಾಗಿಲ್ಲ. ಇಷ್ಟು ಭೂಮಿ, ಇಷ್ಟು ಕುರಿ ನಿಂತದ್ದು ಇವರ ಬೆನ್ನ ಮೇಲೆ. ಈಗ ಅಲ್ಲಿ ಬಾವಲಿಗಳ ಸಂಸಾರ, ಸಂಜೆ ಹೋದರೆ ಕಾಣುತ್ತವೆ.

ಇದಿಷ್ಟಕ್ಕೆ ಎರಡು ಗಂಟೆ ಇಟ್ಟುಕೊಳ್ಳಿ. ಬಿಡುವಿದ್ದರೆ ಹಿಟ್ಟಿನ ಗಿರಣಿಯನ್ನೂ ನೋಡಿ, 12ನೇ ಶತಮಾನದ್ದು, 1927ರವರೆಗೂ ಕಾಳು ಬೀಸಿದೆ. ಪಕ್ಕದ ಫೌಂಟನ್ಸ್ ಹಾಲ್ ಅನ್ನುವ ಬಂಗಲೆ ಆ್ಯಬಿಯ ಕಲ್ಲನ್ನೇ ಎತ್ತಿ ಕಟ್ಟಿದ್ದು. ಹೊರಗಿಂದ ನೋಡಿದರೆ ಸಾಕು.

ವಾಪಸ್ ಬರುವಾಗ ಒಬ್ಬ ಪರಿಚಯದವರು

ಕೆರೆಯ ಕಡೆಗೆ ವಾಪಸ್ ನಡೆದು ಕಾರು ತಲುಪಿದಮೇಲೆ ಹೊರಟುಬಿಡಬೇಡಿ. ಪಾರ್ಕಿನಲ್ಲಿ ಮೂರು ಜಾತಿಯ ಜಿಂಕೆಗಳಿವೆ. ದೂರದಿಂದ ನೋಡಿ, ತಿನ್ನಲು ಏನೂ ಕೊಡಬೇಡಿ. ಮೇ, ಜೂನ್‌ನಲ್ಲಿ ಹುಲ್ಲಿನ ಮರೆಯಲ್ಲಿ ಮರಿಗಳು ಮಲಗಿರುತ್ತವೆ, ಅಕ್ಟೋಬರ್‌ನಲ್ಲಿ ಗಂಡುಗಳು ಕಾದಾಡುತ್ತವೆ.

ಪಾರ್ಕಿನ ದಿಬ್ಬದ ಮೇಲೆ ಸೇಂಟ್ ಮೇರೀಸ್ ಚರ್ಚ್ ಇದೆ, 1870ರ ದಶಕದಲ್ಲಿ ಕಟ್ಟಿದ್ದು. ವಾಸ್ತುಶಿಲ್ಪಿ ವಿಲಿಯಂ ಬರ್ಜಸ್. ಹೊರಗೆ ಸಾದಾ, ಒಳಗೆ ಚಿನ್ನದ ಬಣ್ಣ, ಗಿಳಿ, ದೇವದೂತರು, ಒಂದಿಂಚೂ ಖಾಲಿ ಬಿಟ್ಟಿಲ್ಲ. ಬಾಗಿಲು ವರ್ಷವಿಡೀ ತೆರೆದಿರುವುದಿಲ್ಲ, ಬೆಳಿಗ್ಗೆ ಟಿಕೆಟ್ ತಗೊಳ್ಳುವಾಗಲೇ ಕೇಳಿಟ್ಟುಕೊಳ್ಳಿ.

ಒಳಗೆ ಗಂಡ ಹೆಂಡತಿಯ ಅಮೃತಶಿಲೆಯ ಸಮಾಧಿ ಇದೆ. ಗಂಡ ಯಾರು ಅಂದರೆ ರಿಪ್ಪನ್ ಮಾರ್ಕ್ವಿಸ್. ನಮ್ಮ ಸಮಾಜ ಪುಸ್ತಕದ ಲಾರ್ಡ್ ರಿಪ್ಪನ್! ‘ಸ್ಥಳೀಯ ಸ್ವಯಂ ಆಡಳಿತದ ಪಿತಾಮಹ ಯಾರು’ ಅಂತ ಒಂದು ಅಂಕದ ಪ್ರಶ್ನೆಗೆ ನಾವೆಲ್ಲ ಬರೆದ ಉತ್ತರ. 1880ರಿಂದ 1884ರವರೆಗೆ ಭಾರತದ ವೈಸರಾಯ್. 50 ವರ್ಷ ಬ್ರಿಟಿಷರ ಕೈಲಿದ್ದ ಮೈಸೂರು 1881ರಲ್ಲಿ ಚಾಮರಾಜೇಂದ್ರ ಒಡೆಯರ ಕೈಗೆ ಮರಳಿದ್ದು ಇವರ ಕಾಲದಲ್ಲೇ. ಮರಳಿಸುವ ತೀರ್ಮಾನ ಹಿಂದೆಯೇ ಆಗಿತ್ತು, ಪತ್ರಕ್ಕೆ ಸಹಿ ಬಿದ್ದದ್ದು ಇವರದ್ದು. ಈ ಆ್ಯಬಿ, ತೋಟ, ಪಾರ್ಕು ಎಲ್ಲ ಆಗ ಅವರ ಆಸ್ತಿ. 1909ರಲ್ಲಿ ತೀರಿಕೊಂಡದ್ದೂ ಇಲ್ಲೇ. ಅವರ ದೊಡ್ಡ ಮನೆ 1946ರಲ್ಲಿ ಸುಟ್ಟುಹೋಯಿತು, ಈಗ ಇಲ್ಲ.

ಅಪ್ಪ ಮೈಸೂರಲ್ಲಿ ಓದಿದವರು. ಸಮಾಧಿಯ ಹತ್ತಿರ ಬಹಳ ಹೊತ್ತು ನಿಂತಿದ್ದರು. ಅಮ್ಮ ಬಾಗಿಲ ಹತ್ತಿರದ ಬೆಂಚಿನ ಮೇಲೆ ಕೂತು ಫ್ಲಾಸ್ಕ್ ತೆಗೆದು ಕಾಫಿ ಬಗ್ಗಿಸುತ್ತಿದ್ದರು. “ಯಾರ್ರೀ ಅದು, ಅಷ್ಟೊತ್ತು?” ಅಂತ ಕೇಳಿದರು.

“ಪರೀಕ್ಷೆಗೆ ಬಂದಿದ್ದರು ಕಣೇ” ಅಂದರು ಅಪ್ಪ.

ಐದಕ್ಕೆ ಹೋಟೆಲ್ ಸೇರಿದೆವು. ಊಟದ ಟೇಬಲ್ ಆರೂವರೆಗೆ ಹೇಳಿಟ್ಟಿದ್ದೆ.